ಜಿಂಕೆಗಳಿಗೆಂದು ಅರೆದ ಬೆಳ್ಳುಳ್ಳಿ ಖಾರ

ನೀಲಗಿರಿ ತಪ್ಪಲಿನ ನಮ್ಮ ಮಸಿನಗುಡಿಗೆ ಜಿಂಕೆ ನೋಡಲು ಜನ ಎಲ್ಲೆಲ್ಲಿಂದಲೋ ಬರುತ್ತಾರೆ. ಒಂದು ಕಂಡರೆ ಸಾಕು, ಜೀಪಿನಲ್ಲಿ ಎದ್ದು ನಿಂತು “ಅಯ್ಯೋ, ಎಷ್ಟು ಮುದ್ದಾಗಿದೆ!” ಎನ್ನುತ್ತಾರೆ. ಅವರನ್ನೆಲ್ಲ ಕರೆತಂದು ಅಂಗಳದ ನನ್ನ ಗುಲಾಬಿ ಗಿಡಗಳನ್ನು ತೋರಿಸಬೇಕು ಅನ್ನಿಸುತ್ತದೆ. ಗಿಡ ಎಂದರೆ ಕಡ್ಡಿಗಳು. ಎಲೆ, ಚಿಗುರು, ಮೊಗ್ಗು ಎಲ್ಲ ಆ ಮುದ್ದು ಹೊಟ್ಟೆಗಳನ್ನು ಸೇರಿದ ಮೇಲೆ ಉಳಿದ ಮುಳ್ಳಿನ ಕಡ್ಡಿಗಳು.

ನಮ್ಮ ಯಜಮಾನರಿಗೆ ಇದರಿಂದ ಬೇಜಾರೇನೂ ಇರಲಿಲ್ಲ. ಅವರು ಪ್ರವಾಸಿಗರಿಗೆ ಜೀಪ್ ಓಡಿಸುವವರು. ಜೀಪ್ ನಿಲ್ಲಿಸಲು ಅಂಗಳಕ್ಕೆ ಸಿಮೆಂಟ್ ಹಾಕಿಸೋಣ ಎಂದು ಬಹಳ ದಿನದಿಂದ ರಾಗ ಎಳೆಯುತ್ತಿದ್ದರು. ಕೊನೆಗೊಂದು ದಿನ ಅತ್ತೆಯ ಎದುರಿಗೇ ತೀರ್ಪು ಕೊಟ್ಟರು: “ದೀಪಾವಳಿಗೆ ನಿನ್ನ ಗಿಡದ ಒಂದೇ ಒಂದು ಹೂವು ದೇವರ ಫೋಟೋಗೆ ಏರಲಿ, ನಾನು ಸಿಮೆಂಟಿನ ಮಾತೇ ಎತ್ತಲ್ಲ. ಇಲ್ದಿದ್ರೆ ಮಾರನೇ ದಿನ ಮೇಸ್ತ್ರಿ ಬರ್ತಾನೆ.” ನನಗೆ ಮೈಯೆಲ್ಲ ಉರಿದುಹೋಯಿತು. ಆ ಮನೆಯಲ್ಲಿ ನನ್ನದು ಅನ್ನಿಸುವ ಜಾಗ ಅದೊಂದೇ. ಆಗಲಿ ಎಂದೆ.

ಮನುಷ್ಯರ ವಾಸನೆಗೆ ಜಿಂಕೆ ಹೆದರುತ್ತದೆ ಎಂದು ಯಾರೋ ಹೇಳಿದ್ದರು. ಬಜಾರಿನ ಕ್ಷೌರದ ಅಂಗಡಿಯಿಂದ ಒಂದು ಚೀಲ ಕೂದಲು ತಂದು ಗಿಡಗಳ ಬುಡಕ್ಕೆ ಹರಡಿದೆ. ನಮ್ಮೂರ ಜಿಂಕೆಗಳು ಬಸ್ ಸ್ಟ್ಯಾಂಡಿನಲ್ಲೇ ಬೆಳೆದವು, ಅವಕ್ಕೆ ಮನುಷ್ಯರ ವಾಸನೆ ಯಾವ ಲೆಕ್ಕ? ಕೂದಲಿನ ಮೇಲೆಯೇ ಕಾಲು ಮಡಚಿ ಮಲಗಿ ಮೆಲುಕು ಹಾಕಿದವು. ಮಿಕ್ಕ ಕೂದಲು ಗಾಳಿಗೆ ಹಾರಿ ಅತ್ತೆಯ ಸಂಡಿಗೆಗೆ ಅಂಟಿತು. ಅತ್ತೆ ಆ ದಿನವೆಲ್ಲ ಒಂದೊಂದೇ ಸಂಡಿಗೆಯಿಂದ ಕೂದಲು ಹೆಕ್ಕಿದರು.

ಪಕ್ಕದ ಮನೆಯಲ್ಲಿ ಮೇಲೆ ಬೆಟ್ಟದ ಸೋಲೂರಿನಿಂದ ಮದುವೆಯಾಗಿ ಬಂದ ಬಡಗರ ಅಕ್ಕ ಇದ್ದಾರೆ. ಅವರು ಬಡಗು ಮಾತಾಡುತ್ತಾರೆ, ನಾನು ಕನ್ನಡ, ಮಾತು ಎಲ್ಲಾದರೂ ಸಿಕ್ಕಿಕೊಂಡರೆ ಇಬ್ಬರೂ ತಮಿಳಿಗೆ ಹಾರುತ್ತೇವೆ. ತಮ್ಮೂರಿನಲ್ಲಿ ಕಾಡುಪ್ರಾಣಿಗಳಿಂದ ಕ್ಯಾರೆಟ್ ಕಾಯುವ ಮದ್ದನ್ನು ಅವರೇ ಹೇಳಿಕೊಟ್ಟರು. ಮೊಟ್ಟೆ ಒಡೆದು, ಬೆಳ್ಳುಳ್ಳಿ, ಮೆಣಸಿನಕಾಯಿ ಅರೆದು, ಹುಳಿ ಮಜ್ಜಿಗೆಯಲ್ಲಿ ಕದಡಿ, ನಾರುವ ತನಕ ಇಟ್ಟು ಗಿಡಕ್ಕೆ ಎರಚಬೇಕು.

ನಾವು ನಂಜನಗೂಡು ಕಡೆಯ ಲಿಂಗಾಯತರು. ಮೊಟ್ಟೆ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಅತ್ತೆ “ಶಿವ ಶಿವಾ” ಎಂದು ಎದ್ದು ನಿಂತರು. ಸರಿ, ಮೊಟ್ಟೆ ಬಿಟ್ಟೆ. ಮಿಕ್ಕಿದ್ದನ್ನು ಒರಳಿನಲ್ಲಿ ಚೆನ್ನಾಗಿ ಅರೆದು, ಮಜ್ಜಿಗೆಯಲ್ಲಿ ಕಲಸಿಟ್ಟು, ಎರಡು ದಿನ ಬಿಟ್ಟು ಗಿಡಗಳಿಗೆಲ್ಲ ಎರಚಿದೆ. ತಳದಲ್ಲಿ ಒಂದಿಷ್ಟು ಉಳಿದ ಪಾತ್ರೆಯನ್ನು ಜಗಲಿ ಕಟ್ಟೆಯ ಮೇಲಿಟ್ಟು ಒಳಗೆ ಹೋದೆ.

ಸಂಜೆಗೆ ಇಡೀ ಹಿಂಡು ಬಂತು. ಯಾವತ್ತೂ ಬಾರದ ದೊಡ್ಡ ಕೊಂಬಿನವನೂ ಬಂದ. ಹೊಸದಾಗಿ ಬಂದಿದ್ದ ಎಲೆ ನೆಕ್ಕಿದವು, ಕಡ್ಡಿ ನೆಕ್ಕಿದವು, ಎರಚುವಾಗ ಹನಿ ಬಿದ್ದ ಗೋಡೆಯನ್ನೂ ನೆಕ್ಕಿದವು. ಪೊರಕೆ ಹಿಡಿದು ಬಾಯಿಗೆ ಬಂದ ಹಾಗೆ ಬೈದರೂ ಕ್ಯಾರೇ ಅನ್ನಲಿಲ್ಲ. ನೆಕ್ಕಿ ಮುಗಿಸಿ ಚಿಗುರನ್ನೂ ತಿಂದವು.

ಅಷ್ಟರಲ್ಲಿ ಮನೆಗೆ ಬಂದ ಯಜಮಾನರು ಪಾತ್ರೆಗೆ ಬೆರಳು ಅದ್ದಿ ನಾಲಿಗೆಗೆ ಹಚ್ಚಿಕೊಂಡರು. ನಾನು ಏನು ಮಾಡಿಟ್ಟರೂ ಮೊದಲು ಉಪ್ಪು ನೋಡುವ ಮನುಷ್ಯ.

“ಚೆನ್ನಾಗೇ ಇದೆ. ಉಪ್ಪು ಒಂಚೂರು ಜಾಸ್ತಿ ಆಯ್ತು.”

ಉಪ್ಪು! ದನಕರುಗಳ ಹಾಗೆ ಜಿಂಕೆಗೂ ಉಪ್ಪೆಂದರೆ ಪ್ರಾಣ. ಆದರೆ ಹುಟ್ಟಿದಾಗಿನಿಂದ ಉಪ್ಪಿಲ್ಲದೆ ಮೆಣಸಿನಕಾಯಿ ಅರೆದು ಗೊತ್ತಿದ್ದರೆ ತಾನೆ? ಕೈ ತಾನಾಗಿಯೇ ಹಾಕಿಬಿಟ್ಟಿತ್ತು. ಅತ್ತೆ ಒಳಗಿನಿಂದ ಮೆಲ್ಲಗೆ, “ನೀನೂ ಹಾಕಿದ್ಯಾ? ಮರೆತಿದೀಯ ಅಂತ ನಾನೂ ಒಂದು ಹಿಡಿ ಹಾಕ್ದೆ” ಎಂದರು. ನಾವಿಬ್ಬರೂ ಸೇರಿ ಇಡೀ ಕಾಡಿಗೆ ಚಟ್ನಿ ಬಡಿಸಿದ್ದೆವು. ಯಜಮಾನರು ನಗುತ್ತಾ ಟೇಪು ಹಿಡಿದು ಅಂಗಳ ಅಳೆಯಲು ಹೋದರು.

ಅವರ ನಗು ನೋಡಿಯೇ ನಾನು ಮೊಟ್ಟೆ ತಂದೆ. ಹಿತ್ತಲಿನಲ್ಲಿ ಒಡಕು ಬಕೆಟ್ಟಿನಲ್ಲಿ ಕದಡಿದೆ. ಅತ್ತೆ ಬಕೆಟ್ಟು ಕಾಣದ ಹಾಗೆ ಕುರ್ಚಿಯನ್ನು ಆ ಕಡೆಗೆ ತಿರುಗಿಸಿಕೊಂಡು, ಉಪ್ಪಿನ ಡಬ್ಬಿಯನ್ನು ಮಡಿಲಲ್ಲಿ ಭದ್ರವಾಗಿ ಇಟ್ಟುಕೊಂಡು ಕೂತರು. ಮಳೆ ಬಂದು ತೊಳೆದಾಗಲೆಲ್ಲ ಮತ್ತೆ ಎರಚಿದೆ. ಹಾಲಿನವನು ಗೇಟಿನಿಂದಲೇ ಕೂಗಿ ಹೋಗತೊಡಗಿದ. ಜಿಂಕೆಗಳು ಬೇಲಿಯ ತನಕ ಬಂದು, ಸೀನಿ, ವಾಪಸ್ ಹೋದವು. ಕಡ್ಡಿಗಳಲ್ಲಿ ಮತ್ತೆ ಚಿಗುರು ಬಂತು, ಒಂದು ಮೊಗ್ಗು ಉಳಿಯಿತು.

ದೀಪಾವಳಿಯ ಬೆಳಿಗ್ಗೆ ಅದು ಅರಳಿತ್ತು. ಸ್ವಲ್ಪ ವಾರೆಯಾದ, ಸಣ್ಣ ಹೂವು. ಎಷ್ಟು ತೊಳೆದರೂ ಕೊಳೆತ ಮೊಟ್ಟೆಯ ವಾಸನೆ ಹೋಗಲಿಲ್ಲ. ಆದರೂ ಖುಷಿಯಿಂದ ಹಿಡಿದುಕೊಂಡು ದೇವರ ಕೋಣೆಗೆ ಹೋದರೆ ಅತ್ತೆ ಬಾಗಿಲಿಗೆ ಅಡ್ಡ ನಿಂತರು.

“ಮೊಟ್ಟೆ ಕುಡಿದ ಹೂವು ಶಿವನಿಗಾ? ಆಗಲ್ಲಮ್ಮ.”

ಹಿಂದಿನಿಂದ ಯಜಮಾನರು, “ಹಾಗಾದ್ರೆ ಮೇಸ್ತ್ರಿಗೆ ಹೇಳ್ಲಾ?” ಎಂದು ಫೋನ್ ತೆಗೆದರು. ನನಗೆ ಅಳುವೇ ಬಂತು.

ಅತ್ತೆ ಮಗನನ್ನು ನೋಡಿದರು, ನನ್ನನ್ನು ನೋಡಿದರು. ಸೆರಗಿನಿಂದ ಮೂಗು ಮುಚ್ಚಿಕೊಂಡು, ನನ್ನ ಕೈಯಿಂದ ಹೂವು ತೆಗೆದು ನನ್ನ ಮುಡಿಗೆ ಸಿಕ್ಕಿಸಿದರು.

“ಇಷ್ಟು ವರ್ಷ ನಿನ್ನನ್ನ ಸಹಿಸ್ಕೊಂಡಿದಾಳೆ. ಇವಳೇನು ದೇವರಿಗಿಂತ ಕಡಿಮೆನಾ? ಫೋನ್ ಒಳಗಿಡು.”

ಹಬ್ಬದ ದಿನವಿಡೀ ನಾನು ಆ ಹೂವನ್ನು ತೆಗೆಯಲಿಲ್ಲ. ಮನೆಯಲ್ಲಿ ಒಬ್ಬರೂ ನನ್ನ ಹತ್ತಿರ ಸುಳಿಯಲಿಲ್ಲ, ಜೀಪ್ ರಸ್ತೆಯಲ್ಲೇ ನಿಂತಿತ್ತು.