ಸೋಲಿನ ಕಾರಣ ಬರೆಸಿದವರು

ಅವರ ಬಲಗೈಯ ತೋರುಬೆರಳು ನಡುಗೆಣ್ಣಿನಲ್ಲಿ ಎಡಕ್ಕೆ ಹೊರಳಿತ್ತು. ಹರೆಯದಲ್ಲಿ ಹಾಕಿ ಆಟದ ಚೆಂಡು ಬಡಿದು ಮುರಿದ ಬೆರಳು. ಹಳ್ಳಿಯಲ್ಲಿ ಬಿದಿರಿನ ದಬ್ಬೆ ಕಟ್ಟಿಸಿಕೊಂಡಿದ್ದರು, ಸೊಟ್ಟಗೆ ಕೂಡಿಕೊಂಡಿತ್ತು. ಮೈದಾನದಲ್ಲಿ ನಿಂತು ಒಬ್ಬ ಹುಡುಗನ ಕಡೆ ಬೆರಳು ಮಾಡಿ “ನೀ ಬಾ” ಎಂದರೆ ಅವನ ಪಕ್ಕದವನು ಓಡಿ ಬರುತ್ತಿದ್ದ. ಹೊಸ ಹುಡುಗರು ಒಂದು ವಾರ ಹೀಗೆ ಮೋಸಹೋಗಿ, ಆಮೇಲೆ ಬೆರಳು ಬಿಟ್ಟು ಕಣ್ಣು ನೋಡುವುದನ್ನು ಕಲಿಯುತ್ತಿದ್ದರು.

ನಾನು ದೇವದುರ್ಗದ ಹೈಸ್ಕೂಲಿಗೆ ಕನ್ನಡ ಮಾಸ್ತರನಾಗಿ ಹೋದಾಗ ಅವರು ಅಲ್ಲಿ ಡ್ರಿಲ್ ಮಾಸ್ತರು. ನನಗೆ ಇಪ್ಪತ್ತನಾಲ್ಕು, ಅವರಿಗೆ ಐವತ್ತು ಹತ್ತಿರ ಬಂದಿತ್ತು. ರಾಯಚೂರು ಪಟ್ಟಣದಲ್ಲಿ ಬೆಳೆದ ನನಗೆ ಅವರ ಮನೆಯ ಪಕ್ಕದಲ್ಲೇ ಒಂದು ಕೋಣೆ ಕೊಡಿಸಿದರು. ಅವರ ಹೆಂಡತಿ ದಿನಾ ಎರಡು ಜೋಳದ ರೊಟ್ಟಿ ಹೆಚ್ಚಿಗೆ ಬಡಿದು ಕಳಿಸುತ್ತಿದ್ದರು.

ಮಾಸ್ತರು ಕೃಷ್ಣೆಯ ದಂಡೆಯ ಹಳ್ಳಿಯೊಂದರಲ್ಲಿ ಕುರಿ ಕಾಯುವವರ ಮನೆಯಲ್ಲಿ ಹುಟ್ಟಿದವರು. ನಿಜಾಮರ ಕಾಲದಲ್ಲಿ ರಾಯಚೂರಿಗೆ ಬಂದು ಉರ್ದುವಿನಲ್ಲಿ ಓದಿ, ಪೊಲೀಸರು ಆಡುವುದನ್ನು ನೋಡಿ ನೋಡಿ ಹಾಕಿ ಕಲಿತಿದ್ದರು. ಒಮ್ಮೆ ದೊಡ್ಡ ತಂಡದ ಆಯ್ಕೆಗೆಂದು ಹೈದರಾಬಾದಿನ ತನಕ ಹೋಗಿ ವಾಪಸು ಬಂದಿದ್ದರು. ಅಂಥ ಕಥೆ ಹೇಳುವವರು ಸಾಮಾನ್ಯವಾಗಿ ಕೊನೆಯಲ್ಲಿ ವಶೀಲಿಯ ಮಾತು ತರುತ್ತಾರೆ. ನಾನು ಕೇಳಿದಾಗ ಅವರು ಹೇಳಿದ್ದಿಷ್ಟು: “ನನಗಿಂತ ಚಲೋ ಆಡಾಂವ ಒಬ್ಬ ಇದ್ದ. ಅವನ್ನ ತಗೊಂಡ್ರು.”

ಕನ್ನಡ ಸರಾಗವಾಗಿ ಓದುತ್ತಿದ್ದರು, ಬರೆಯಲು ತಡವರಿಸುತ್ತಿದ್ದರು. ಹಾಗಾಗಿ ಅವರ ಅರ್ಜಿ, ವರದಿಗಳನ್ನೆಲ್ಲ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. “ಪಂಡಿತರ, ಒಂದು ಕಾಗದ ತಗೋರಿ” ಎಂದು ಎದುರು ಕೂರುತ್ತಿದ್ದರು. ಚೆಂಡುಗಳನ್ನು ಕೇಳುವ ಮೊದಲ ಅರ್ಜಿಯಲ್ಲಿ ನಾನು “ಕ್ರೀಡಾಸ್ಫೂರ್ತಿಯ ಚಿಲುಮೆ ಬತ್ತದಿರಲೆಂದು” ಎಂದು ಶುರುಮಾಡಿದ್ದೆ. ಓದಿಸಿ ಕೇಳಿದರು.

“ಚಿಲುಮಿ ಯಾಕ್ರಿ ನಡುವ? ಸೇದೋ ಮಂದಿ ಅಂದ್ಕೊಂಡಾರು. ಚೆಂಡು ಇಲ್ಲ, ಕಳಿಸ್ರಿ ಅಂತ ಬರೀರಿ.”

ಹಾಗೇ ಬರೆದೆ. ಎರಡು ಚೆಂಡು ಬಂದವು.

ಎಪ್ಪತ್ತಾರರ ಮಳೆಗಾಲದಲ್ಲಿ ಕೆನಡಾದ ಒಲಿಂಪಿಕ್ಸ್‌ನಿಂದ ನಮ್ಮ ದೇಶದ ಹಾಕಿ ತಂಡ ಪದಕವಿಲ್ಲದೆ ವಾಪಸು ಬಂತು. ಅದಕ್ಕೂ ಹಿಂದೆ ಎಂದೂ ಹಾಗಾಗಿರಲಿಲ್ಲ. ಆ ಸಲ ಆಟ ನಡೆದದ್ದು ಕೃತಕ ಹುಲ್ಲಿನ ಮೇಲೆ. ದೇವದುರ್ಗಕ್ಕೆ ಪತ್ರಿಕೆ ಬರುತ್ತಿದ್ದದ್ದು ಮಧ್ಯಾಹ್ನ, ರಾಯಚೂರಿನ ಬಸ್ಸಿನ ಮೇಲೆ. ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಒಬ್ಬರು ಗಟ್ಟಿಯಾಗಿ ಓದುತ್ತಿದ್ದರು, ಉಳಿದವರು ಕೇಳುತ್ತಿದ್ದರು.

“ಪ್ಲಾಸ್ಟಿಕ್ ಹುಲ್ಲಂತ್ರೀ. ಹಂಗಾಗಿ ಸೋತ್ರು, ಇಲ್ಲಾಂದ್ರ ನಮ್ಮನ್ನ ಯಾರು ಸೋಲಸ್ತಿದ್ರು” ಎಂದ ಹೋಟೆಲಿನ ಮಾಲೀಕ.

ಡ್ರಿಲ್ ಮಾಸ್ತರು ಚಹಾದ ಬಸಿ ಕೆಳಗಿಟ್ಟರು. “ಗೆದ್ದವ್ರೂ ಅದರ ಮ್ಯಾಲೇ ಆಡ್ಯಾರಲ್ಲ?”

ಅವರು ವಾದ ಬೆಳೆಸಲಿಲ್ಲ. ಆದರೆ ಆ ಪತ್ರಿಕೆಯ ಹಾಳೆ ಕೇಳಿ ಪಡೆದು ಮಡಚಿ ಕಿಸೆಯಲ್ಲಿಟ್ಟುಕೊಂಡರು. ತಿಂಗಳುಗಟ್ಟಲೆ ಅದೇ ಮಾತು ಅವರ ತಲೆಯಲ್ಲಿತ್ತು. ಊಟಕ್ಕೆ ಕೂತಾಗ ಒಮ್ಮೆ, “ಆ ಹುಲ್ಲಿನ ಮ್ಯಾಲೆ ಚೆಂಡು ಹೆಂಗ ಹೋಗ್ತದೋ ನೋಡಬೇಕು ಪಂಡಿತರ. ನೋಡಲಾರದ ಏನು ಮಾತಾಡೋದು” ಎಂದಿದ್ದರು.

ದೀಪಾವಳಿ ಕಳೆದ ಮೇಲೆ ಯಾವುದೋ ಮದುವೆಗೆಂದು ಮಾನ್ವಿಗೆ ಹೋದವರು ಅಲ್ಲಿ ಅಕ್ಕಿ ಗಿರಣಿಯೊಂದರ ಸಿಮೆಂಟ್ ಕಣ ನೋಡಿ ಬಂದರು. ಕುದಿಸಿದ ಭತ್ತ ಒಣಹಾಕಲು ಮಾಡಿದ ಕಣ, ಮೈದಾನದಷ್ಟು ಅಗಲ, ಕನ್ನಡಿಯಷ್ಟು ನುಣುಪು. ಮುಂದಿನ ಭಾನುವಾರ ನಮ್ಮ ಶಾಲೆಯ ತಂಡ ಕಟ್ಟಿಕೊಂಡು ಎರಡು ಬಸ್ಸು ಬದಲಿಸಿ ಹೋದೆವು.

ಗಿರಣಿಯ ಧಣಿ ನಮ್ಮ ಕೋಲುಗಳನ್ನು ನೋಡಿ ಹುಬ್ಬೇರಿಸಿದರು. “ಭತ್ತ ಒಣಸೋ ಕಣದಾಗ ಕೋಲಾಟ ಏನ್ರೀ ಮಾಸ್ತರ?”

“ಎರಡು ತಾಸು ಕೊಡ್ರಿ. ಒಂದು ಲೆಕ್ಕ ಬಿಡಸೋದದ.”

ಒಂದು ಕಣದ ಭತ್ತ ಎತ್ತಿ ಆಗಿತ್ತು. ಕಾಲು ಮುರಿದುಕೊಂಡರೆ ತಾನು ಜವಾಬ್ದಾರನಲ್ಲ ಎಂದು ಹೇಳಿ ಧಣಿ ಅದನ್ನು ಬಿಟ್ಟುಕೊಟ್ಟರು.

ನಮ್ಮ ಶಾಲೆಯ ಮೈದಾನ ಕಲ್ಲು, ಕರಿಮಣ್ಣು. ಚೆಂಡು ಎರಡು ಸಲ ಪುಟಿದು ಸುಸ್ತಾಗಿ ನಿಲ್ಲುತ್ತಿತ್ತು. ನಿಂತ ಚೆಂಡನ್ನು ಕೋಲಿಗೆ ಅಂಟಿಸಿಕೊಂಡು ನಾಲ್ಕು ಮಂದಿಯನ್ನು ಮಣಿಸುವುದರಲ್ಲಿ ವೆಂಕೋಬ ಎಂಬ ಹುಡುಗ ಬಲು ಜಾಣ. ಅವನ ಆಟ ನೋಡಲೆಂದೇ ಕಚೇರಿ ಗುಮಾಸ್ತರು ಸಂಜೆ ಮೈದಾನಕ್ಕೆ ಬರುತ್ತಿದ್ದರು. ಸಿಮೆಂಟಿನ ಮೇಲೆ ಅದೇ ವೆಂಕೋಬನ ಕೋಲಿಗೆ ಚೆಂಡು ನಿಲ್ಲಲಿಲ್ಲ. ಕಾಲೂರುವ ಮೊದಲೇ ಹಾದು ಹೋಗುತ್ತಿತ್ತು. ಹೇಗೋ ತಡೆದು ಒಬ್ಬನನ್ನು ದಾಟಿದರೆ ಅಷ್ಟರಲ್ಲಿ ಇಬ್ಬರು ಬಂದಿರುತ್ತಿದ್ದರು. ಬಸಲಿಂಗ ಎಂಬ ಇನ್ನೊಬ್ಬನಿದ್ದ. ಗಬ್ಬೂರಿನವನು, ಹಾಸ್ಟೆಲಿನಲ್ಲಿದ್ದು ಓದುತ್ತಿದ್ದ. ಅವನಲ್ಲಿ ಕಣ್ಣಿಗೆ ಹಬ್ಬವಾಗುವಂಥದ್ದೇನೂ ಇರಲಿಲ್ಲ. ಓಡುತ್ತಿದ್ದ, ಚೆಂಡು ಬಂದ ಕ್ಷಣವೇ ಖಾಲಿ ನಿಂತವನಿಗೆ ದಾಟಿಸುತ್ತಿದ್ದ, ಮತ್ತೆ ಓಡುತ್ತಿದ್ದ. ಆ ದಿನ ಎರಡು ಗುಂಪಾಗಿ ಆಡಿದಾಗ ಗೋಲು ಹೊಡೆದದ್ದೆಲ್ಲ ಅವನಿದ್ದ ಗುಂಪೇ.

ಪಕ್ಕದ ಕಣದಲ್ಲಿ ಭತ್ತ ಕೈಯಾಡಿಸುತ್ತಿದ್ದ ಹೆಂಗಸರು ಕೆಲಸ ನಿಲ್ಲಿಸಿ ನೋಡುತ್ತಿದ್ದರು. ಅವರಲ್ಲಿ ವಯಸ್ಸಾದವಳೊಬ್ಬಳು ಡ್ರಿಲ್ ಮಾಸ್ತರನ್ನು ಕರೆದು ಹೇಳಿದಳು: “ಯಪ್ಪಾ, ನಿನ್ನ ಹುಡುಗ್ರು ಚೆಂಡು ನೋಡಾಕತ್ತಾರ. ಆ ಒಬ್ಬ ಹುಡುಗ ಮಾತ್ರ ಮಂದಿನ್ನ ನೋಡಾಕತ್ತಾನ.”

ಬಸ್ಸಿನಲ್ಲಿ ವಾಪಸು ಬರುವಾಗ ಮಾಸ್ತರು, “ಆ ಯವ್ವ ಹೇಳಿದ್ದೇ ಖರೆ. ಕೆನಡಾದಾಗ ಆಗಿದ್ದೂ ಇದೇ ಇರಬೇಕು. ನಾವು ಚೆಂಡು ಕುಣಸೋದು ಕಲ್ತೀವಿ. ಅವರು ಚೆಂಡು ಕೊಟ್ಟು ಓಡೋದು ಕಲ್ತಾರ. ನೆಲ ಅವರ ಕಡಿಗಾತು” ಎಂದರು.

ಇದು ಗೊತ್ತಾದದ್ದು ಅವರಿಗೆ. ಗೊತ್ತಾದ ಮೇಲೂ ಮುಂದಿನದ್ದು ನಡೆಯಿತು ಎಂಬುದೇ ನಾನು ಹೇಳಬೇಕಾದ ಸಂಗತಿ.

ಮರುವರ್ಷ ಜಿಲ್ಲೆಯ ಶಾಲೆಗಳ ತಂಡ ಆರಿಸಿ ಹೊರಗಿನ ಪಂದ್ಯಗಳಿಗೆ ಕರೆದುಕೊಂಡು ಹೋಗುವ ಕೆಲಸ ಅವರಿಗೆ ಬಂತು. ರಾಯಚೂರಿನಲ್ಲಿ ಮೂರು ದಿನ ಆಯ್ಕೆ ನಡೆಯಿತು. ಕೊನೆಗೆ ಮುಂದಿನ ಸಾಲಿನಲ್ಲಿ ಒಂದು ಜಾಗ ಉಳಿಯಿತು. ವೆಂಕೋಬ, ಇಲ್ಲವೇ ಬಸಲಿಂಗ. ಮಾಸ್ತರು ವೆಂಕೋಬನ ಹೆಸರು ಬರೆಸಿದರು. ಯಾರೂ ಅವರ ಮೇಲೆ ಒತ್ತಡ ಹಾಕಿರಲಿಲ್ಲ. ಬಸಲಿಂಗ ತನ್ನ ಚೀಲ ಹೆಗಲಿಗೇರಿಸಿ, ಕೈಮುಗಿದು, ಗಬ್ಬೂರಿನ ಬಸ್ಸು ಹತ್ತಿದ. ದೇವದುರ್ಗದ ಹಾಸ್ಟೆಲಿಗೆ ಮರಳಿ ಬರಲಿಲ್ಲ.

ಪಂದ್ಯ ನಡೆದದ್ದು ಮೊರಂ ಎಂಬ ಗರಸುಮಣ್ಣು ಹರಡಿ ರೋಲರ್ ಉರುಳಿಸಿದ ಗಟ್ಟಿ ಮೈದಾನದಲ್ಲಿ. ನಾನೂ ಹೋಗಿದ್ದೆ. ವೆಂಕೋಬ ಪ್ರತಿ ಸಲ ಇಬ್ಬರನ್ನು ಚೆಂದವಾಗಿ ದಾಟಿ ಮೂರನೆಯವನಿಗೆ ಚೆಂಡು ಬಿಟ್ಟುಕೊಡುತ್ತಿದ್ದ. ಜನ ಚಪ್ಪಾಳೆ ತಟ್ಟುತ್ತಿದ್ದರು. ಮೊದಲ ಪಂದ್ಯದಲ್ಲೇ ಆರು ಗೋಲು ತಿಂದು ಮನೆಗೆ ಬಂದೆವು.

ರಾಯಚೂರಿನಲ್ಲಿ ತಂಡದ ಉಸ್ತುವಾರಿ ಹೊತ್ತವರು ಸಭೆ ಕರೆದರು. ಸೋಲಿಗೆ ಕಾರಣ ಬರೆದು ಕೊಡಬೇಕಿತ್ತು. “ಅಂಪೈರ್ ಅವರ ಊರಾಂವ ಇದ್ದನಂತಲ್ಲ, ಅಷ್ಟು ಬರೀರಿ ಸಾಕು” ಎಂದು ಒಬ್ಬರು ದಾರಿ ತೋರಿಸಿದರು.

“ಅವರ ಊರಾಂವ ಖರೆ. ಆರು ಗೋಲು ಅವ ಹೊಡೀಲಿಲ್ರಿ” ಎಂದರು ಮಾಸ್ತರು.

ಹೊರಗೆ ಬೇವಿನ ಗಿಡದ ಕೆಳಗೆ ಕುಳಿತು ನನಗೆ ಬರೆಸಿದರು: “ಆಟಗಾರರ ಆಯ್ಕೆಯಲ್ಲಿ ನಾನು ತಪ್ಪು ಮಾಡಿದೆ. ಗಟ್ಟಿ ನೆಲಕ್ಕೆ ಯಾವ ಆಟ ಬೇಕೆಂದು ನನಗೆ ಮೊದಲೇ ತಿಳಿದಿತ್ತು. ತಿಳಿದಿದ್ದೂ ಆ ಆಟ ಆಡುವವನನ್ನು ಬಿಟ್ಟೆ.”

ನಾನು ಕಾಗದದಿಂದ ಪೆನ್ನು ಎತ್ತಿದೆ. “ಇದನ್ನ ಕೊಟ್ರ ಮತ್ತೆ ನಿಮಗೆ ತಂಡ ಕೊಡೋದಿಲ್ರಿ.”

“ಕೊಡದಿದ್ರ ಬಿಡ್ಲಿ. ಸುಳ್ಳು ಕಾರಣ ಬರದ್ರ ಮುಂದಿನ ವರ್ಷ ಖರೇ ಕಾರಣ ಅಲ್ಲೇ ಇರ್ತದ. ಮತ್ತ ಸೋಲಸ್ತದ.”

“ಯಾಕ ಬಿಟ್ರಿ ಅವನ್ನ?”

ಅವರು ಆ ಸೊಟ್ಟ ಬೆರಳನ್ನು ಇನ್ನೊಂದು ಕೈಯಿಂದ ನೀವಿಕೊಂಡರು. “ನಾನೂ ವೆಂಕೋಬನಂಗ ಆಡ್ತಿದ್ದೆ ಪಂಡಿತರ. ಅವನ್ನ ನೋಡಿದ್ರ ನನ್ನ ಹರೇದ ವಯಸ್ಸು ನೆನಪಾಗ್ತದ. ಬಿಡಾಕ ಆಗಲಿಲ್ಲ.” ಆಮೇಲೆ ಸೇರಿಸಿದರು: “ದೇಶದ ಟೀಮ್ ಆರಸೋರಿಗೂ ಇದೇ ತ್ರಾಸ ಇರಬೇಕು.”

ವರದಿ ಕೊಟ್ಟ ಮೇಲೆ ನೆಟ್ಟಗೆ ದೇವದುರ್ಗಕ್ಕೆ ಬರಲಿಲ್ಲ. ದಾರಿಯಲ್ಲಿ ಮಾಸ್ತರು ನನ್ನನ್ನೂ ಗಬ್ಬೂರಿನಲ್ಲಿ ಇಳಿಸಿದರು. ಬಸಲಿಂಗನ ಮನೆ ಊರ ಹೊರಗಿತ್ತು. ಅಂಗಳದಲ್ಲಿ ಅವನ ತಂದೆ ಕುರಿಗಳ ಕಾಲು ನೋಡುತ್ತಿದ್ದ. ಹುಡುಗ ಮಂಗಳವಾರ ಮೇಸ್ತ್ರಿಯ ಜೊತೆ ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ ಹೋಗುವವನಿದ್ದನಂತೆ. ಬಟ್ಟೆ ಗಂಟು ಕಟ್ಟಿ ಗೂಟಕ್ಕೆ ಹಾಕಿಯಾಗಿತ್ತು.

ಮಾಸ್ತರು ಕಟ್ಟೆಯ ಮೇಲೆ ಕುಳಿತು ನೀರು ಕುಡಿದರು. “ಲೇ ಬಸಲಿಂಗ, ನಿನ್ನ ಬಿಟ್ಟಿದ್ದು ನನ್ನ ತಪ್ಪು. ನಿನ್ನ ಆಟ ಕಡಿಮಿ ಇರಲಿಲ್ಲ. ಇದನ್ನ ಕಾಗದದಾಗೂ ಬರದು ಕೊಟ್ಟು ಬಂದೀನಿ.”

ತಂದೆ ಕುರಿ ಬಿಟ್ಟು ಎದ್ದು ನಿಂತ. “ಮಾಸ್ತರು ಬಂದು ಹುಡುಗಗ ತಪ್ಪಾತು ಅಂತಾರೇನ್ರೀ ಎಲ್ಲ್ಯಾದ್ರೂ?”

“ಆದಾಗ ಅನ್ನಬೇಕಾಗ್ತದ ಯಜಮಾನ್ರ.”

ಹುಡುಗ ತಲೆ ತಗ್ಗಿಸಿ ನಿಂತಿದ್ದ. ಅಳುತ್ತಾನೆ ಎಂದುಕೊಂಡೆ. ಅವನು ಕೇಳಿದ್ದು ಬೇರೆಯೇ: “ಸರ, ಅವರು ಹೆಂಗ ಆಡಿದ್ರು? ಗೆದ್ದವರು?”

ಮಾಸ್ತರು ಅಂಗಳದಿಂದ ಹರಳು ಆರಿಸಿ ಕಟ್ಟೆಯ ಮೇಲೆ ಜೋಡಿಸಿದರು. ಇವ ಇಲ್ಲಿಗೆ ಕೊಟ್ಟ, ಅವ ಅಲ್ಲಿಗೆ ಓಡಿದ ಎಂದು ಒಂದೊಂದೇ ಗೋಲು ತೋರಿಸಿದರು. ಬಸಲಿಂಗ ಒಂದು ಹರಳು ಹಿಂದಕ್ಕೆ ಸರಿಸಿ, “ಇಲ್ಲಿ ಒಬ್ಬ ನಿಂತಿದ್ರ ತಪ್ಪಸಬಹುದಿತ್ರಿ” ಎಂದ. ಕೊನೆಯ ಬಸ್ಸು ಬರುವ ತನಕ ಇಬ್ಬರೂ ತಲೆ ಎತ್ತಲಿಲ್ಲ. ಹೊರಡುವಾಗ ಮಾಸ್ತರು ಶಾಲೆಯ ಮಾತೇ ಎತ್ತಲಿಲ್ಲ, ತಂದೆಯೇ ಗೂಟದ ಗಂಟಿನ ಕಡೆ ನೋಡಿ, “ಪರೀಕ್ಷಾ ಯಾವಾಗ ಅದರೀ?” ಎಂದು ಕೇಳಿದ. ಬುಧವಾರ ಹುಡುಗ ಕ್ಲಾಸಿನಲ್ಲಿ ಕುಳಿತಿದ್ದ. ಮುಂದೆ ಪೊಲೀಸ್ ಇಲಾಖೆ ಸೇರಿ ಅಲ್ಲಿನ ತಂಡದಲ್ಲಿ ಬಹಳ ವರ್ಷ ಆಡಿದ.

ನಾನು ಹೇಳಿದಂತೆಯೇ ಆಯಿತು. ಜಿಲ್ಲೆಯ ತಂಡವನ್ನು ಅವರಿಗೆ ಮತ್ತೆ ಯಾರೂ ಕೊಡಲಿಲ್ಲ. ಅವರು ಆ ಬಗ್ಗೆ ಒಮ್ಮೆಯೂ ಬೇಸರ ತೋರಿಸಿದ್ದು ನಾನು ಕಾಣೆ. ನಿವೃತ್ತಿಯಾಗುವ ತನಕ ಶಾಲೆಯ ಹುಡುಗರನ್ನು ಆಡಿಸಿದರು. ವೆಂಕೋಬನಂಥ ಹುಡುಗ ಮತ್ತೊಬ್ಬ ಬಂದಾಗ ಅವನನ್ನು ನೋಡುತ್ತ ನಿಲ್ಲುತ್ತಿದ್ದರು, ಆಮೇಲೆ ಸೀಟಿ ಊದಿ “ಕೊಡಲೇ, ಕೊಡು” ಎನ್ನುತ್ತಿದ್ದರು.

ಎಂಬತ್ತಾರರಲ್ಲಿ ಅವರು ರಾಯಚೂರಿನ ಮಗಳ ಮನೆಯಲ್ಲಿ ಹಾಸಿಗೆ ಹಿಡಿದಿದ್ದರು. ಮಾನ್ವಿಗೆ ವರ್ಗವಾಗಿ ಹೋಗಿದ್ದ ನಾನು ನೋಡಲು ಬಂದಿದ್ದೆ. ಲಂಡನ್ನಿನ ವಿಶ್ವಕಪ್‌ನಲ್ಲಿ ನಮ್ಮ ತಂಡ ಕಟ್ಟಕಡೆಯ ಸ್ಥಾನಕ್ಕೆ ಬಿದ್ದ ದಿನಗಳು ಅವು. ಪತ್ರಿಕೆ ಓದಿ ಹೇಳಿ ಎಂದರು. ಓದಿದೆ. ಅದರಲ್ಲಿ ಆಟಗಾರರನ್ನು ಬೈದು ಬರೆದಿದ್ದರು.

“ಹುಡುಗ್ರಿಗೆ ಬೈದು ಏನ್ ಬರ್ತದ್ರಿ” ಎಂದರು, ಉಸಿರು ತೆಗೆದುಕೊಳ್ಳುತ್ತ. “ಕಲಿಯೋದು ಮಣ್ಣಾಗ. ಪರೀಕ್ಷಾ ಪ್ಲಾಸ್ಟಿಕ್ ಮ್ಯಾಲೆ. ಹತ್ತು ವರ್ಷ ಆತು, ಇನ್ನೂ ನಮ್ಮ ಕಡಿ ಒಂದು ಹುಡುಗ ಆ ಹುಲ್ಲು ಮುಟ್ಟಿ ನೋಡಿಲ್ಲ.”

ಒಂದು ತಿಂಗಳಲ್ಲಿ ತೀರಿಕೊಂಡರು. ಕೃಷ್ಣೆಯ ದಂಡೆಯ ಅವರ ಹಳ್ಳಿಯಲ್ಲೇ ಮಣ್ಣು ಮಾಡಿದರು. ವೆಂಕೋಬ ಬಂದಿದ್ದ, ಬಸಲಿಂಗನೂ ಬಂದಿದ್ದ. ಇಬ್ಬರೂ ಒಟ್ಟಿಗೆ ಹೆಗಲು ಕೊಟ್ಟರು.

ಅದಾದ ಎರಡು ವರ್ಷಕ್ಕೆ ನನ್ನ ಶಾಲೆಯಲ್ಲಿ ಅರ್ಧಕ್ಕರ್ಧ ಮಕ್ಕಳು ಕನ್ನಡದಲ್ಲಿ ನಪಾಸಾದರು. ಮೇಲಿನವರು ಕಾರಣ ಕೇಳಿ ಕಾಗದ ಕಳಿಸಿದರು. ಕಾರಣಗಳಿಗೆ ಬರವಿರಲಿಲ್ಲ, ಕಟ್ಟಡ ಸೋರುತ್ತಿತ್ತು, ಮಕ್ಕಳು ನಾಟಿಯ ದಿನಗಳಲ್ಲಿ ಗದ್ದೆಗೆ ಹೋಗುತ್ತಿದ್ದರು. ಒಂದು ಪುಟ ತುಂಬಾ ಬರೆದು ಓದಿ ನೋಡಿ ಹರಿದೆ. ಆ ವರ್ಷ ನಾನು ನನಗೆ ಇಷ್ಟವಾದ ಹಳಗನ್ನಡದ ಪಾಠಗಳಲ್ಲೇ ಕಾಲ ಕಳೆದು, ಓದಲು ಬಾರದ ಮಕ್ಕಳನ್ನು ಹಿಂದಿನ ಬೆಂಚಿನಲ್ಲಿ ಬಿಟ್ಟಿದ್ದೆ. ಅದನ್ನೇ ಮೂರು ಸಾಲಿನಲ್ಲಿ ಬರೆದೆ. “ಸೂಕ್ತ ಕಾರಣಗಳೊಂದಿಗೆ ತಿದ್ದಿ ಕಳುಹಿಸಿ” ಎಂಬ ಷರಾ ಹೊತ್ತು ಕಾಗದ ವಾಪಸು ಬಂತು. ತಿದ್ದುವುದಕ್ಕೆ ಏನೂ ಇರಲಿಲ್ಲ. ಅದನ್ನೇ ಚೊಕ್ಕಟವಾಗಿ ಇನ್ನೊಮ್ಮೆ ಬರೆದು ಕಳಿಸಿ, ಮರುದಿನದಿಂದ ಹಿಂದಿನ ಬೆಂಚಿನಲ್ಲಿ ಕುಳಿತು ಪಾಠ ಶುರುಮಾಡಿದೆ.