ಸೊಕ್ಕಿದ ಕರಿಬೇವು

ಇವತ್ತು ಬೆಳಿಗ್ಗೆ ಸಾರಿನ ಒಗ್ಗರಣೆಗೆಂದು ಬಾಲ್ಕನಿಯಲ್ಲಿ ಕರಿಬೇವಿನ ಎಸಳು ಮುರಿದೆ. ಕೈಗೆ ಅಂಟಿದ ಆ ಪರಿಮಳಕ್ಕೆ ನಿಮಗಾದರೆ ಊರು ನೆನಪಾಗಬಹುದು. ನನಗೆ ನೆನಪಾಗುವುದು ಓರಗಿತ್ತಿ ಸುಮನಕ್ಕ, ಮತ್ತು ನನ್ನ ಹೊಟ್ಟೆಕಿಚ್ಚು.

ನಾವಿಬ್ಬರೂ ಅಬುಧಾಬಿಯ ಅಲ್ ಮೀನಾದ ಗಿಡದಂಗಡಿಯಲ್ಲಿ ಒಂದೇ ದಿನ, ಒಂದೇ ಎತ್ತರದ ಎರಡು ಸಸಿ ಕೊಂಡಿದ್ದೆವು. ನನ್ನದು ದುಬೈಗೆ, ಜುಮೇರಾ ಲೇಕ್ ಟವರ್ಸಿನ ಈ ಬಾಲ್ಕನಿಗೆ ಬಂತು. ಧೂಳು ತಿಂದು, ಎಸಿಯ ಬಿಸಿಗಾಳಿ ಕುಡಿದು ಗಿಡ್ಡಕ್ಕೇ ನಿಂತಿತು. ಸುಮನಕ್ಕನದು ಅಬುಧಾಬಿಯಲ್ಲೇ ಉಳಿಯಿತು. ಅವರ ಗಂಡ, ಅಂದರೆ ನನ್ನ ಭಾವ, ತರಕಾರಿ ಬೆಳೆಯುವ ಗಾಜಿನ ಮನೆಯೊಂದರಲ್ಲಿ ಮ್ಯಾನೇಜರ್. ಅಲ್ಲಿ ಗಿಡಗಳಿಗೆ ಪೈಪಿನಲ್ಲಿ ಕಾರ್ಬನ್ ಡೈಆಕ್ಸೈಡ್ ಬಿಡುತ್ತಾರೆ. ಹೆಂಡತಿಯ ಸಸಿಗೂ ಒಂದು ಮೂಲೆ ಕೊಟ್ಟರು. ಗಂಡ ಅಂದರೆ ಹಾಗಿರಬೇಕು. ನನ್ನವರು ಗಿಡಕ್ಕೆ ನೀರು ಹಾಕಿ ಎಂದರೆ, ಮಳೆ ಬರುತ್ತದೋ ಎಂದು ಮೊಬೈಲ್ ನೋಡುವವರು. ದುಬೈಯಲ್ಲಿ.

ಬೇಸಿಗೆ ಕಳೆಯುವಷ್ಟರಲ್ಲಿ ಸುಮನಕ್ಕನ ಗಿಡ ಎದೆಯೆತ್ತರವಾಗಿ ಅವರ ಮನೆಗೆ ಬಂತು. ಅತ್ತೆ ವಿಸಿಟ್ ವೀಸಾದಲ್ಲಿ ಬಂದದ್ದೂ ಆಗಲೇ. ಕೆಲವು ದಿನ ಅಬುಧಾಬಿ, ಉಳಿದದ್ದೆಲ್ಲ ನನ್ನ ಮನೆ ಎಂದು ಮಾತಾಗಿತ್ತು. ಅಮ್ಮನನ್ನು ಬೇಗ ಕಳೆದುಕೊಂಡವಳು ನಾನು. ಅತ್ತೆ ನನ್ನ ಅಡುಗೆಮನೆಯಲ್ಲಿ ಕೂತು ಕಾಯಿ ತುರಿಯುವುದನ್ನು ನೋಡಲು ಕಾದಿದ್ದೆ. ಕರೆತರಲು ಹೋದರೆ, ಅವರು ಸುಮನಕ್ಕನ ಗಿಡದ ಮುಂದೆ ನಿಂತಿದ್ದರು.

"ಸೊಕ್ಕಿದೆ ಮಾರಾಯ್ತಿ ಇದು," ಎಂದರು.

ನಮ್ಮ ಕಡೆ ಗಿಡ ಹುಲುಸಾಗಿ ಬೆಳೆದರೂ ಸೊಕ್ಕು, ಮನುಷ್ಯ ಮೆರೆದರೂ ಸೊಕ್ಕು. ಸುಮನಕ್ಕನ ಮನೆಯಲ್ಲಿ ನನಗೆ ಎರಡೂ ಕಂಡವು. ಅಷ್ಟರಲ್ಲಿ ಅತ್ತೆ ಎಲೆಯೊಂದನ್ನು ತಿರುಗಿಸಿ ನೋಡಿದರು. "ಬಣ್ಣವೇ ಇಲ್ವಲ್ಲ. ಬಿಳಿಚಿಕೊಂಡಿದೆ."

ಭಾವ ವಿವರಿಸಿದರು. "ಕಾರ್ಬನ್ ಡೈಆಕ್ಸೈಡ್ ಜಾಸ್ತಿ ಸಿಕ್ಕಿದ್ರೆ ಎಳೆ ಗಿಡ ಬೇಗ ಬೆಳೀತದೆ ಅಮ್ಮ. ಆದ್ರೆ ಬೇರು ಅದೇ ಸ್ಪೀಡಲ್ಲಿ ಮಣ್ಣಿನ ಸತ್ವ ಎಳ್ಕೊಳ್ಳುದಿಲ್ಲ. ಇದ್ದದ್ದು ಇಷ್ಟು ಎಲೆಗೆ ಸಾಲುದಿಲ್ಲ. ಹೊರಗಿನ ಗಾಳಿಯಲ್ಲೂ ಆ ಕಾರ್ಬನ್ ಹೆಚ್ಚಾಗ್ತಾ ಉಂಟು. ಮುಂದೆ ಕಾಡಿನ ಎಳೆ ಮರಗಳದ್ದೂ ಇದೇ ಕತೆ ಆಗ್ಬಹುದು."

"ಅಂದ್ರೆ ನೀರು ಹಾಕಿ ಉದ್ದ ಮಾಡಿದ ಸಾರು," ಎಂದರು ಅತ್ತೆ.

ಕಾಡುಗಳ ಬಗ್ಗೆ ನನಗೆ ಚಿಂತೆಯಾಗಬೇಕಿತ್ತು. ಆದದ್ದು ಖುಷಿ. "ನಂದು ಗಿಡ್ಡ, ಆದ್ರೆ ಕಡು ಹಸಿರು ಅತ್ತೆ. ಬನ್ನಿ, ನೋಡುವಿರಂತೆ," ಎಂದು ಅವರ ಬ್ಯಾಗಿಗೆ ಕೈ ಹಾಕಿದೆ.

ಅತ್ತೆ ಕದಲಲಿಲ್ಲ. "ನಿನ್ನದಕ್ಕೆ ಎಂತದೂ ಬೇಡ, ಅದು ಬದುಕ್ತದೆ. ಇದಕ್ಕೆ ಸ್ವಲ್ಪ ಹುಳಿಮಜ್ಜಿಗೆ ಹಾಕಿ ನೋಡ್ಬೇಕು. ನಾನು ಇಲ್ಲೇ ಇರ್ತೇನೆ."

ವೀಸಾ ಮುಗಿಯುವವರೆಗೂ ಅಲ್ಲೇ ಇದ್ದರು. ನಾನು ದುಬೈಗೆ ಮರಳುವಾಗ ದಾರಿಯುದ್ದಕ್ಕೂ ಒಂದು ಬಿಳಿಚಿದ ಗಿಡದ ಮೇಲೆ ಹೊಟ್ಟೆಕಿಚ್ಚುಪಟ್ಟೆ. ಚೆನ್ನಾಗಿದ್ದದ್ದೇ ನನ್ನ ಗಿಡದ ತಪ್ಪಾಯಿತಲ್ಲ ಎಂದು ಅದರ ಮೇಲೂ ಮುನಿಸಿಕೊಂಡೆ.

ಇವತ್ತು ಎಸಳು ಮುರಿಯುವಾಗ ಬುಡದ ಹತ್ತಿರ ಒಂದು ಎಲೆ ಹಳದಿಯಾದದ್ದು ಕಂಡಿತು. ಹುಳಿಮಜ್ಜಿಗೆ ಫ್ರಿಜ್ಜಿನಲ್ಲೇ ಇತ್ತು. ಹಾಕಲಿಲ್ಲ. ಆ ಎಲೆಯ ಫೋಟೋ ತೆಗೆದು ಊರಿನಲ್ಲಿರುವ ಅತ್ತೆಗೆ ವಾಟ್ಸಾಪ್ ಮಾಡಿದೆ. ಸಾರು ಕುದಿಯುವಷ್ಟರಲ್ಲಿ ಅವರ ವಾಯ್ಸ್ ಮೆಸೇಜ್ ಬಂತು.

"ಅದು ಬಲಿತ ಎಲೆ, ಉದುರ್ತದೆ. ಗಿಡಕ್ಕೆ ಎಂತದೂ ಆಗ್ಲಿಲ್ಲ. ನಿನಗೆ ಎಂತ ಆಗಿದೆ, ಅದು ಹೇಳು."

ಒಲೆ ಆರಿಸಿ ಅವರಿಗೆ ಫೋನ್ ಮಾಡಿದೆ.