ಹನ್ನೊಂದು ಮಕ್ಕಳ ಒಂದೇ ಊಟಿ

ನೋಡಿ ಸ್ವಾಮಿ, ಇವತ್ತು ಪದ್ಮನಾಭನಗರದ ನನ್ನ ಟ್ಯೂಷನ್ನಿನಲ್ಲಿ ಒಂಬತ್ತನೇ ಕ್ಲಾಸಿನವರಿಂದ 'ನನ್ನ ಪ್ರವಾಸ' ಎಂದು ಇಂಗ್ಲಿಷ್ ಪ್ರಬಂಧ ಬರೆಸಿದೆ. ಹನ್ನೊಂದು ಮಕ್ಕಳು ಪರೀಕ್ಷೆ ಗೈಡಿನ ಬಾಯಿಪಾಠದಲ್ಲಿ ಊಟಿಗೆ ಹೋಗಿಬಂದರು. ಎಲ್ಲರಿಗೂ ಒಂದೇ ತಿರುವಿನಲ್ಲಿ ಆನೆ ಸಿಕ್ಕಿತ್ತು. ಸಾರಕ್ಕಿಯ ಚೈತ್ರ ಮಾತ್ರ, ಮೆಟ್ರೋ ಹತ್ತಲು ಹೋದ ಅಜ್ಜಿ ಎಸ್ಕಲೇಟರ್ ಮುಂದೆ ಚಪ್ಪಲಿ ಬಿಟ್ಟದ್ದನ್ನು ತಪ್ಪುತಪ್ಪು ಇಂಗ್ಲಿಷಿನಲ್ಲಿ ಚೆಂದವಾಗಿ ಬರೆದಿದ್ದಳು. ಅವಳಿಗೇ ಹೆಚ್ಚು ಮಾರ್ಕ್ಸ್ ಕೊಟ್ಟೆ.

ಸಂಜೆ ಅವಳ ಅಮ್ಮನೇ ಗೈಡ್ ಹಿಡಿದು ಬಂದರು.

"ಸಾರ್, ಇವ್ಳು ಮನೆ ವಿಷ್ಯ ಎಲ್ಲಾ ಬರ್ದಿದಾಳೆ, ನೀವು ಮಾರ್ಕ್ಸ್ ಬೇರೆ ಕೊಟ್ಟಿದೀರ! ಪಬ್ಲಿಕ್ ಎಕ್ಸಾಮಲ್ಲಿ ಯಾರ್ ಕೊಡ್ತಾರೆ? ಈ ಊಟಿದು ಕಲ್ಸಿ ಸಾರ್. ಆನೆ ಬರೋದು ಓದಿ, ಬರ್ದೋರು ಕಣ್ಣಾರೆ ನೋಡಿದಾರೆ."

ಹತ್ತು ವರ್ಷದ ಹಿಂದೆ ಆ ಗೈಡಿಗೆ ಅದನ್ನು ಬರೆದುಕೊಟ್ಟವನು ನಾನೇ. ಊಟಿಗೆ ಇವತ್ತಿಗೂ ಹೋಗಿಲ್ಲ.